ಹೊಸ ಆಟಗಾರನ ಎರಡು ಪ್ರಶ್ನೆಗಳು



ಒಂದು ಮೇಜಿನ ಸುತ್ತ ಐದು ಜನ ಕುಳಿತಿದ್ದಾರೆ ಎಂದುಕೊಳ್ಳಿ. ಮೇಜಿನ ಮೇಲೆ ಚದುರಂಗದ ಹಾಸು ಇಲ್ಲ, ಇಸ್ಪೀಟಿನ ಎಲೆಗಳಿಲ್ಲ, ಪಣಕ್ಕಿಟ್ಟ ಹಣವೂ ಇಲ್ಲ. ಇರುವುದು ಕೆಲವು ಹಾಳೆಗಳು, ಪೆನ್ಸಿಲ್ಲು, ರಬ್ಬರು ಮತ್ತು ವಿಚಿತ್ರ ಆಕಾರದ ಒಂದಷ್ಟು ದಾಳಗಳು. ಐವರಲ್ಲಿ ಒಬ್ಬಾತ ರಟ್ಟಿನ ಮರೆಯ ಹಿಂದೆ ಕುಳಿತು ಹೇಳುತ್ತಿದ್ದಾನೆ: ಸಂಜೆಯಾಗಿದೆ, ಮಳೆ ಹಿಡಿದಿದೆ, ಎದುರಿಗೆ ಒಂದು ಹಾಳು ಕೋಟೆ, ಅದರ ಕಬ್ಬಿಣದ ಬಾಗಿಲ ಆಚೆಯಿಂದ ಯಾರೋ ಅಳುವ ದನಿ ಕೇಳಿಬರುತ್ತಿದೆ. ಉಳಿದ ನಾಲ್ವರು ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳುತ್ತಾರೆ. ಒಳಗೆ ಹೋಗುವುದೇ, ಬೆಳಗಾಗುವವರೆಗೆ ಕಾಯುವುದೇ ಎಂದು ವಾದ ಶುರುವಾಗುತ್ತದೆ.

ಅದೇ ಹೊತ್ತಿಗೆ ಕೋಣೆಯ ಹೊಸ್ತಿಲಲ್ಲಿ ಒಬ್ಬ ಹೊಸಬ ನಿಂತಿದ್ದಾನೆ. ಅವನಿಗೂ ಒಂದು ಕುರ್ಚಿ ಕಾದಿದೆ. ಅವನ ತಲೆಯಲ್ಲಿರುವುದು ಎರಡೇ ಪ್ರಶ್ನೆ. ಯಾವ ಪಾತ್ರ ಆರಿಸಿಕೊಳ್ಳಬೇಕು? ಏನೇನು ಸಾಮಾನು ಕೊಂಡು ತರಬೇಕು?

‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಆಟ 1974ರಲ್ಲಿ ಅಮೆರಿಕದಲ್ಲಿ ಅಚ್ಚಾಗಿ ಹೊರಬಂದಂದಿನಿಂದ ಪ್ರತಿಯೊಬ್ಬ ಹೊಸ ಆಟಗಾರನೂ ಕೇಳುತ್ತ ಬಂದಿರುವ ಪ್ರಶ್ನೆಗಳಿವು. ಪಾತ್ರ ವಹಿಸಿ ಆಡುವ ಆಟಗಳೆಂಬ ಒಂದು ಇಡೀ ಸಂತತಿಗೆ ಈ ಆಟ ಮೂಲಪುರುಷ. ಮೇಲ್ನೋಟಕ್ಕೆ ಈ ಎರಡು ಪ್ರಶ್ನೆಗಳು ಅಂಗಡಿಯಲ್ಲಿ ಕೇಳುವಂಥವು. ದುಡ್ಡು ಕೊಟ್ಟರೆ ಉತ್ತರ ಸಿಗಬೇಕು. ಆದರೆ ಇವುಗಳಿಗೆ ಸರಿಯಾದ ಉತ್ತರ ಬೇಕಿದ್ದರೆ ಆಟ ಹುಟ್ಟಿದ ಬಗೆಯನ್ನು ಸ್ವಲ್ಪ ತಿಳಿಯಬೇಕಾಗುತ್ತದೆ.

ಮೊದಲು ಆಟದ ರೀತಿಯನ್ನೇ ನೋಡೋಣ. ಮರೆಯ ಹಿಂದೆ ಕುಳಿತವನಿಗೆ ‘ಡಂಜನ್ ಮಾಸ್ಟರ್’ ಎಂದು ಹೆಸರು. ನಮ್ಮ ಮಾತಿನಲ್ಲಿ ಸೂತ್ರಧಾರ ಎನ್ನಬಹುದು. ಅವನು ಲೋಕವನ್ನು ವರ್ಣಿಸುತ್ತಾನೆ. ಪ್ರತಿ ಆಟಗಾರನೂ ಆ ಲೋಕದೊಳಗಿನ ಒಂದು ಪಾತ್ರದ ಪರವಾಗಿ ಮಾತನಾಡುತ್ತಾನೆ. ಒಬ್ಬಳು ತನ್ನ ಯೋಧೆ ಕಬ್ಬಿಣದ ಬಾಗಿಲನ್ನು ಭುಜದಿಂದ ಗುದ್ದಿ ತೆರೆಯುತ್ತಾಳೆ ಎನ್ನುತ್ತಾಳೆ. ಇದು ಸಾಧ್ಯವೇ? ಸೂತ್ರಧಾರ ಆ ಬಾಗಿಲಿನ ಕಷ್ಟಕ್ಕೆ ಮನಸ್ಸಿನಲ್ಲಿಯೇ ಒಂದು ಅಂಕಿ ಇಡುತ್ತಾನೆ, 15 ಎನ್ನಿ. ಆಕೆ 20 ಮುಖದ ದಾಳ ಉರುಳಿಸುತ್ತಾಳೆ, 9 ಬೀಳುತ್ತದೆ. ಪಾತ್ರದ ಬಲಕ್ಕೆ ಸಲ್ಲುವ 3 ಸೇರಿಸಿದರೆ 12. ಬಾಗಿಲು ತೆರೆಯಲಿಲ್ಲ. ಆದರೆ ಗುದ್ದಿದ ಸದ್ದು ಕೋಟೆಯ ಒಳಗೆಲ್ಲ ಕೇಳಿಸಿದೆ, ಅಳುವ ದನಿ ಥಟ್ಟನೆ ನಿಂತಿದೆ. ಈಗ ಏನು ಮಾಡುವಿರಿ ಎಂದು ಸೂತ್ರಧಾರ ಕೇಳುತ್ತಾನೆ.

ಆಟವೆಂದರೆ ಇಷ್ಟೇ. ವರ್ಣನೆ, ನಿರ್ಧಾರ, ಅನುಮಾನವಿದ್ದಲ್ಲಿ ದಾಳ, ಮತ್ತೆ ವರ್ಣನೆ. ಇದರಲ್ಲಿ ಗೆದ್ದವನು, ಸೋತವನು ಎಂದಿಲ್ಲ. ಒಂದೇ ಕತೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ವಾರಕ್ಕೊಂದು ಸಂಜೆಯಂತೆ ನಡೆಯಬಹುದು.

ಇಂಥ ಸೌಮ್ಯವಾದ ಆಟದ ಬೇರು ಇರುವುದು ಯುದ್ಧದಲ್ಲಿ ಎಂಬುದು ಕುತೂಹಲದ ಸಂಗತಿ. 1812ರಲ್ಲಿ ಪ್ರಷ್ಯದ ರೈಸ್‌ವಿಟ್ಸ್ ಎಂಬಾತ ತನ್ನ ದೊರೆಗೆ ಒಂದು ಯುದ್ಧದ ಆಟವನ್ನು ಒಪ್ಪಿಸಿದ. ಸೇನಾಧಿಕಾರಿಯಾಗಿದ್ದ ಅವನ ಮಗ 1824ರಲ್ಲಿ ಅದಕ್ಕೆ ಹೊಸ ನಿಯಮಗಳನ್ನು ಅಚ್ಚುಮಾಡಿಸಿದ. ಭೂಪಟದ ಮೇಲೆ ಸೇನೆಯ ತುಕಡಿಗಳನ್ನು ಸೂಚಿಸುವ ತುಂಡುಗಳು, ಹಾನಿಯ ಲೆಕ್ಕಕ್ಕೆ ದಾಳ, ಎರಡೂ ಪಕ್ಷಗಳ ನಡುವೆ ಒಬ್ಬ ಮಧ್ಯಸ್ಥ. ಹೀಗಿತ್ತು ಅದರ ರಚನೆ. ಅಧಿಕಾರಿಗಳ ತರಬೇತಿಗಾಗಿ ಹುಟ್ಟಿದ ಈ ‘ಕ್ರೀಗ್‌ಸ್ಪೀಲ್’ನ ನಿಯಮಗಳು ಕ್ರಮೇಣ ಎಷ್ಟು ಜಟಿಲವಾದವೆಂದರೆ, 1876ರಲ್ಲಿ ವರ್ಡಿ ಡು ವೆರ್ನ್ವಾ ಎಂಬ ಪ್ರಷ್ಯದ ಸೇನಾಧಿಕಾರಿ ಕೋಷ್ಟಕಗಳನ್ನು ಬದಿಗಿಟ್ಟು ಅನುಭವಿ ಮಧ್ಯಸ್ಥನ ವಿವೇಚನೆಗೇ ತೀರ್ಪು ಬಿಡಬೇಕೆಂದು ವಾದಿಸಿದ. ಇಂದಿನ ಸೂತ್ರಧಾರನ ಅಧಿಕಾರದ ಮೂಲ ಅಲ್ಲಿದೆ.

ಯುದ್ಧದ ಆಟ ಸೇನೆಯ ಆವರಣದಿಂದ ಮನೆಯೊಳಕ್ಕೆ ಬಂದದ್ದು ಮುಂದಿನ ಹೆಜ್ಜೆ. ವಿಜ್ಞಾನ ಕಾದಂಬರಿಗಳ ಎಚ್. ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ಪುಸ್ತಕ ಬರೆದು, ಆಟಿಕೆಯ ಸೈನಿಕರನ್ನು ನೆಲದ ಮೇಲೆ ಹರಡಿ ಆಡುವ ನಿಯಮಗಳನ್ನು ಕೊಟ್ಟರು. ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ ಇಂಥ ಆಟಗಳ ಹವ್ಯಾಸಿ ಸಂಘಗಳು ಅಲ್ಲಲ್ಲಿ ತಲೆಯೆತ್ತಿದವು. ಅಂಥ ಒಂದು ಕೂಟ ಮಿನೆಸೋಟದ ಅವಳಿ ನಗರಗಳಲ್ಲಿತ್ತು. ಅಲ್ಲಿನ ಡೇವಿಡ್ ವೆಸ್ಲಿ ಎಂಬ ಯುವಕನಿಗೆ 1880ರಲ್ಲಿ ಅಮೆರಿಕದ ಸೇನಾಧಿಕಾರಿಯೊಬ್ಬ ಬರೆದ ‘ಸ್ಟ್ರಾಟಿಗೋಸ್’ ಎಂಬ ಹಳೆಯ ಪುಸ್ತಕ ಗ್ರಂಥಾಲಯದಲ್ಲಿ ಸಿಕ್ಕಿತು. ಆಟಗಾರ ಏನನ್ನು ಬೇಕಾದರೂ ಪ್ರಯತ್ನಿಸಬಹುದು, ಫಲವನ್ನು ಮಧ್ಯಸ್ಥ ಹೇಳುತ್ತಾನೆ ಎಂಬ ವಿಚಾರ ಅವನ ಮನಸ್ಸಿಗೆ ನಾಟಿತು.

ವೆಸ್ಲಿ 1969ರ ಸುಮಾರಿಗೆ ‘ಬ್ರೌನ್‌ಸ್ಟೈನ್’ ಎಂಬ ಕಾಲ್ಪನಿಕ ಜರ್ಮನ್ ಪಟ್ಟಣವೊಂದನ್ನು ಸೃಷ್ಟಿಸಿ, ಸೇನೆಗಳ ಜತೆಗೆ ಪಟ್ಟಣದ ಜನರ ಪಾತ್ರಗಳನ್ನೂ ಒಬ್ಬೊಬ್ಬರಿಗೆ ಹಂಚಿದ. ಒಬ್ಬ ಮೇಯರ್, ಒಬ್ಬ ಬ್ಯಾಂಕಿನ ಮಾಲೀಕ, ಒಬ್ಬ ಕ್ರಾಂತಿಕಾರಿ ವಿದ್ಯಾರ್ಥಿ. ಯುದ್ಧ ಶುರುವಾಗುವ ಮೊದಲೇ ಎಲ್ಲರೂ ತಮ್ಮ ತಮ್ಮ ಒಳಸಂಚುಗಳಲ್ಲಿ ಮುಳುಗಿಹೋದರು. ಸೇನೆಗಳು ಎದುರುಬದುರಾಗಲೇ ಇಲ್ಲ. ಆಟ ಹಾಳಾಯಿತೆಂದು ವೆಸ್ಲಿ ಭಾವಿಸಿದ. ಆಡಿದವರು ಮಾತ್ರ ಮತ್ತೊಮ್ಮೆ ಆಡಿಸೆಂದು ಅವನ ಬೆನ್ನು ಹತ್ತಿದರು.

ಹಾಗೆ ಬೆನ್ನು ಹತ್ತಿದವರಲ್ಲಿ ಡೇವ್ ಆರ್ನೆಸನ್ ಒಬ್ಬ. ಅವನು 1971ರಲ್ಲಿ ‘ಬ್ಲ್ಯಾಕ್‌ಮೂರ್’ ಎಂಬ ತನ್ನದೇ ಲೋಕ ಕಟ್ಟಿದ. ಕೋಟೆ, ಕೋಟೆಯ ಕೆಳಗೆ ನೆಲಮಾಳಿಗೆಗಳ ಜಾಲ, ಅದರ ತುಂಬ ಭೂತಪ್ರೇತಗಳು. ಆಟಗಾರರ ಪಾತ್ರಗಳು ಒಂದು ಸಂಜೆಗೆ ಮುಗಿಯದೆ ವಾರದಿಂದ ವಾರಕ್ಕೆ ಬೆಳೆಯುತ್ತ ಹೋದವು. ಇತ್ತ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಲ್ಲಿ ಗ್ಯಾರಿ ಗೈಗ್ಯಾಕ್ಸ್ ಎಂಬಾತನಿದ್ದ. ವಿಮಾ ಕಂಪನಿಯ ಕೆಲಸವನ್ನು 1970ರಲ್ಲಿ ಕಳೆದುಕೊಂಡು, ಮನೆಯಲ್ಲಿ ಪಾದರಕ್ಷೆ ರಿಪೇರಿ ಮಾಡುತ್ತ ಸಂಸಾರ ತೂಗಿಸುತ್ತಿದ್ದ ಗೃಹಸ್ಥ. 1971ರಲ್ಲಿ ಅವನೂ ಜೆಫ್ ಪೆರೆನ್ ಎಂಬ ಗೆಳೆಯನೂ ಸೇರಿ ಪ್ರಕಟಿಸಿದ ಮಧ್ಯಯುಗದ ಯುದ್ಧದಾಟ ‘ಚೈನ್‌ಮೇಲ್’ಗೆ ಮಾಂತ್ರಿಕರೂ ಡ್ರಾಗನ್‌ಗಳೂ ಇರುವ ಅನುಬಂಧವೊಂದಿತ್ತು, ಆರ್ನೆಸನ್ ಅದರಿಂದಲೂ ಎರವಲು ಪಡೆದಿದ್ದ. 1972ರ ಕೊನೆಯ ವೇಳೆಗೆ ಆರ್ನೆಸನ್ ಲೇಕ್ ಜಿನೀವಾಕ್ಕೆ ಬಂದು ತನ್ನ ಆಟವನ್ನು ಆಡಿ ತೋರಿಸಿದ. ಗೈಗ್ಯಾಕ್ಸ್ ಬೆರಳಚ್ಚು ಯಂತ್ರದ ಮುಂದೆ ಕುಳಿತ.

ಪ್ರಕಾಶಕರು ಸಿಗದೆ ಗೈಗ್ಯಾಕ್ಸ್ ಮತ್ತು ಅವನ ಬಾಲ್ಯದ ಗೆಳೆಯ ಡಾನ್ ಕೇ 1973ರಲ್ಲಿ ತಾವೇ ಒಂದು ಸಂಸ್ಥೆ ತೆರೆದರು. 1974ರ ಜನವರಿಯಲ್ಲಿ ಮೂರು ತೆಳ್ಳನೆಯ ಪುಸ್ತಿಕೆಗಳ ಪೆಟ್ಟಿಗೆಯೊಂದು ಮಾರಾಟಕ್ಕೆ ಬಂತು. ಬೆಲೆ 10 ಡಾಲರ್. ಅಚ್ಚಾದ ಪ್ರತಿಗಳು 1000. ಪೆಟ್ಟಿಗೆಗಳನ್ನು ಮನೆಯಲ್ಲೇ ಕೈಯಿಂದ ಜೋಡಿಸಿದ್ದರು. ವರ್ಷದೊಳಗೆ ಅಷ್ಟೂ ಖರ್ಚಾದವು.

ಈ ಇತಿಹಾಸದಿಂದ ಹೊಸಬನಿಗೆ ಆಗುವ ಪ್ರಯೋಜನವೇನು? ದೊಡ್ಡದೇ ಇದೆ. ಈ ಆಟ ಹುಟ್ಟಿದ್ದು, ಸಾವಿರ ಸೈನಿಕರನ್ನು ನಡೆಸುತ್ತಿದ್ದ ಆಟಗಾರ ಒಬ್ಬನೇ ಒಬ್ಬ ಮನುಷ್ಯನ ಚರ್ಮದೊಳಗೆ ಇಳಿದಾಗ. ಸೇನಾಪತಿಗೆ ಸೈನಿಕರ ಎಣಿಕೆ ಮುಖ್ಯ. ಒಬ್ಬ ಮನುಷ್ಯನಿಗೆ ತನ್ನ ಆಸೆ ಮುಖ್ಯ. ಬ್ರೌನ್‌ಸ್ಟೈನ್‌ನಲ್ಲಿ ಯುದ್ಧವನ್ನು ಮರೆಸಿದ್ದು ಬ್ಯಾಂಕಿನ ಮಾಲೀಕನ ತೋಳ್ಬಲವಲ್ಲ, ಅವನಿಗೆ ಬೇಕಾದದ್ದೊಂದು ಇತ್ತು ಎಂಬುದು. ಹೊಸಬ ಯಾವ ಪಾತ್ರ ಬಲಶಾಲಿ ಎಂದು ಕೇಳುತ್ತಾನೆ. ಅವನು ಕೇಳಬೇಕಾದದ್ದು, ಈ ಪಾತ್ರಕ್ಕೆ ಏನು ಬೇಕು ಎಂದು.

ಹಾಗೆಂದು ಅಂಕಿಗಳನ್ನು ಕಡೆಗಣಿಸುವಂತಿಲ್ಲ. ಪ್ರತಿ ಪಾತ್ರಕ್ಕೂ ಆರು ಗುಣಗಳಿವೆ: ಬಲ, ಚುರುಕು, ದೇಹದಾರ್ಢ್ಯ, ಬುದ್ಧಿ, ವಿವೇಕ, ವರ್ಚಸ್ಸು. 1974ರಿಂದ ಇಂದಿನವರೆಗೆ ಈ ಆರು ಬದಲಾಗಿಲ್ಲ. ಬುದ್ಧಿ ಮತ್ತು ವಿವೇಕ ಬೇರೆಬೇರೆ ಎಂದು ಎಣಿಸಿರುವುದರಲ್ಲೇ ಒಂದು ಲೋಕಾನುಭವವಿದೆ. ಓದಿ ಕೆಟ್ಟವರೂ ಓದದೆ ಬಾಳಿದವರೂ ಎಲ್ಲ ಊರುಗಳಲ್ಲೂ ಇರುತ್ತಾರಷ್ಟೆ.

ಮೂಲ ಆಟದಲ್ಲಿ ಪ್ರತಿ ಗುಣಕ್ಕೂ ಆರು ಮುಖದ ಮೂರು ದಾಳ ಉರುಳಿಸಿ ಬಂದ ಮೊತ್ತವನ್ನು ಬರೆದುಕೊಳ್ಳಬೇಕಿತ್ತು. ಮೂರು ದಾಳಗಳು ಬೀಳಬಹುದಾದ ರೀತಿಗಳು 216. ಅವುಗಳಲ್ಲಿ 18 ಬರುವುದು ಒಂದೇ ರೀತಿಯಲ್ಲಿ. 10 ಬರುವುದು 27 ರೀತಿಗಳಲ್ಲಿ, 11 ಕೂಡ ಅಷ್ಟೇ. ಅಂದರೆ ಹೆಚ್ಚಿನವರು ಸಾಮಾನ್ಯರೇ, ಅಸಾಮಾನ್ಯರು ಅಪರೂಪ. ಮುಂದಿನ ವರ್ಷಗಳಲ್ಲಿ ನಾಲ್ಕು ದಾಳ ಉರುಳಿಸಿ ಕಡಿಮೆಯದನ್ನು ಬಿಟ್ಟುಬಿಡುವ ಉದಾರ ಪದ್ಧತಿ ಬಂತು. ಇದರಲ್ಲಿ ಸರಾಸರಿ 10.5ರಿಂದ 12.2ಕ್ಕೆ ಏರುತ್ತದೆ, 18 ಬೀಳುವ ಸಂಭವ 216ರಲ್ಲಿ ಒಂದಿದ್ದುದು 62ರಲ್ಲಿ ಒಂದಕ್ಕೆ ಹತ್ತಿರವಾಗುತ್ತದೆ. ಅದೃಷ್ಟವೇ ಬೇಡವೆನ್ನುವವರಿಗೆ ಸಿದ್ಧ ಅಂಕಿಗಳ ಸಾಲೂ ಇದೆ: 15, 14, 13, 12, 10, 8. ಯಾವುದನ್ನು ಯಾವ ಗುಣಕ್ಕೆ ಕೊಡಬೇಕೆಂಬುದು ಆಟಗಾರನ ಇಷ್ಟ. ಹೊಸಬನಿಗೆ ಈ ಸಾಲೇ ಒಳ್ಳೆಯದು. ಎಲ್ಲಕ್ಕಿಂತ ಮೊದಲು ಅವನು 8ನ್ನು ಎಲ್ಲಿಡಬೇಕೆಂದು ಯೋಚಿಸಲಿ. ಪಾತ್ರ ನೆನಪಿನಲ್ಲಿ ಉಳಿಯುವುದು ಎಷ್ಟೋ ಸಲ ಅದರ ಕೊರತೆಯಿಂದ. ಮಾತನಾಡಲು ಹೋಗಿ ಎಡವುವ ವೀರ, ಮೆಟ್ಟಿಲು ಹತ್ತಲು ಏದುಸಿರು ಬಿಡುವ ಮಹಾಪಂಡಿತ, ಇಂಥವರ ಮೇಲೆ ಮೇಜಿನ ಸುತ್ತಲಿನವರಿಗೆ ಬೇಗ ಪ್ರೀತಿ ಹುಟ್ಟುತ್ತದೆ.

ಇನ್ನು ಪಾತ್ರದ ವೃತ್ತಿ. ಆರಂಭದಲ್ಲಿದ್ದವು ಮೂರೇ: ಯೋಧ, ಮಾಂತ್ರಿಕ, ಪುರೋಹಿತ. 1975ರ ‘ಗ್ರೇಹಾಕ್’ ಎಂಬ ಪುರವಣಿಯಲ್ಲಿ ಕಳ್ಳ ಸೇರಿಕೊಂಡ. 2014ರ ಐದನೆಯ ಆವೃತ್ತಿಯ ಮುಖ್ಯ ಪುಸ್ತಕದಲ್ಲಿ ಹನ್ನೆರಡು ವೃತ್ತಿಗಳಿವೆ. ಹೊಸಬನಿಗೆ ಯೋಧನ ಪಾತ್ರ ಕೊಡುವುದು ಹಳೆಯ ವಾಡಿಕೆ. ಇದು ಅವನ ಬುದ್ಧಿಯ ಮೇಲಿನ ಅಪನಂಬಿಕೆಯಲ್ಲ. ಯೋಧ ನೆನಪಿಡಬೇಕಾದ ನಿಯಮಗಳು ಕಡಿಮೆ. ಆದ್ದರಿಂದ ಅವನ ಕಣ್ಣು ಪುಸ್ತಕದಿಂದ ಎದ್ದು ಎದುರಿಗಿರುವವರ ಮುಖದ ಮೇಲೆ ಇರಬಲ್ಲದು. ಮಾಂತ್ರಿಕನಾದರೋ ಪ್ರತಿ ಮಂತ್ರದ ದೂರ, ಅವಧಿ, ಪರಿಣಾಮಗಳನ್ನು ತಿಳಿದಿರಬೇಕು. ಹಾಗಿದ್ದೂ ಹೊಸಬನ ಮನಸ್ಸೆಲ್ಲ ಮಾಂತ್ರಿಕನ ಮೇಲೆಯೇ ಇದ್ದರೆ ಅವನಿಗೆ ಮಾಂತ್ರಿಕನನ್ನೇ ಕೊಡಬೇಕು. ಇಷ್ಟವಿಲ್ಲದ ಸುಲಭ ಪಾತ್ರಕ್ಕಿಂತ ಇಷ್ಟವಿರುವ ಕಷ್ಟದ ಪಾತ್ರ ಬೇಗ ಕರಗತವಾಗುತ್ತದೆ.

ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು ಬೇರೆಯೇ ಇದೆ. ಅವರು ಒಬ್ಬಂಟಿಯನ್ನು ಸೃಷ್ಟಿಸುತ್ತಾರೆ. ತಂದೆತಾಯಿ ಇಲ್ಲದ, ಯಾರನ್ನೂ ನಂಬದ, ಮೂಲೆಯಲ್ಲಿ ಕರಿಯ ಮುಸುಕು ಹೊದ್ದು ಕುಳಿತ ವೀರ. ಸಿನಿಮಾದಲ್ಲಿ ಇಂಥವನು ಚೆನ್ನಾಗಿ ಕಾಣುತ್ತಾನೆ, ಏಕೆಂದರೆ ಅಲ್ಲಿ ಕ್ಯಾಮೆರಾ ಅವನ ಹಿಂದೆ ಹೋಗುತ್ತದೆ. ಐದು ಜನರ ಮೇಜಿನಲ್ಲಿ ಅವನ ಹಿಂದೆ ಹೋಗುವವರು ಯಾರು? ಉಳಿದ ನಾಲ್ವರೂ ಅವನನ್ನು ಓಲೈಸಿ ಕರೆದೊಯ್ಯುವುದರಲ್ಲೇ ಸಂಜೆ ಕಳೆಯುತ್ತದೆ. ಇನ್ನೊಂದು ತಪ್ಪು, ಹತ್ತು ಪುಟದ ಪೂರ್ವಕತೆ. ಆ ಕತೆಯಲ್ಲಿ ಪಾತ್ರದ ಬಾಳಿನ ದೊಡ್ಡ ಘಟನೆಗಳೆಲ್ಲ ಆಗಲೇ ಮುಗಿದಿದ್ದರೆ ಮೇಜಿನಲ್ಲಿ ನಡೆಯಲು ಏನೂ ಉಳಿದಿರುವುದಿಲ್ಲ. ಅನುಭವಿಗಳು ಮೂರೇ ವಾಕ್ಯ ಸಾಕೆನ್ನುತ್ತಾರೆ. ಪಾತ್ರಕ್ಕೆ ಬೇಕಾದದ್ದು ಏನು? ಅದು ಹೆದರುವುದು ಯಾವುದಕ್ಕೆ? ಈ ನಾಲ್ವರ ಜತೆ ಅದು ಏಕೆ ಹೊರಟಿದೆ? ಮೂರನೆಯ ಪ್ರಶ್ನೆಗೆ ಉತ್ತರವಿಲ್ಲದ ಪಾತ್ರ ಎಷ್ಟೇ ಸೊಗಸಾಗಿದ್ದರೂ ಈ ಆಟಕ್ಕೆ ಒಗ್ಗುವುದಿಲ್ಲ.

ಈಗ ಎರಡನೆಯ ಪ್ರಶ್ನೆ, ಸಾಮಾನಿನದು. ಇಲ್ಲಿಯೂ ದಾಳಗಳದ್ದೇ ಮೊದಲ ಸ್ಥಾನ. 4, 6, 8, 12 ಮತ್ತು 20 ಮುಖಗಳ ದಾಳಗಳು ಗ್ರೀಕರ ಕಾಲದಿಂದ ಗಣಿತಜ್ಞರು ಬಲ್ಲ ಐದು ಸಮಘನಾಕೃತಿಗಳು. ಪ್ರತಿ ಮುಖವೂ ಬಾಹುಗಳೂ ಕೋನಗಳೂ ಸಮನಾಗಿರುವ, ಒಂದೇ ಅಳತೆಯ ಒಂದೇ ಆಕಾರವಾಗಿದ್ದು, ಪ್ರತಿ ಮೂಲೆಯಲ್ಲೂ ಅಷ್ಟೇ ಮುಖಗಳು ಕೂಡುವಂಥ ಉಬ್ಬಿದ ಘನಾಕೃತಿಗಳು ಐದೇ ಇರಲು ಸಾಧ್ಯವೆಂದು ಯೂಕ್ಲಿಡ್ ಸಾಧಿಸಿದ್ದಾನೆ. ಗೈಗ್ಯಾಕ್ಸ್‌ಗೆ ಈ ದಾಳಗಳು ಸಿಕ್ಕಿದ್ದು ಶಾಲೆಗಳಿಗೆ ಬೋಧನಾ ಸಾಮಗ್ರಿ ಮಾರುವ ಸಂಸ್ಥೆಯೊಂದರ ಕ್ಯಾಟಲಾಗಿನಲ್ಲಿ. ಮಕ್ಕಳಿಗೆ ಗಣಿತ ಕಲಿಸಲೆಂದು ಮಾಡಿದ ಪ್ಲಾಸ್ಟಿಕ್ ತುಂಡುಗಳು ಮಾಯಾಲೋಕದ ಭವಿಷ್ಯ ನಿರ್ಧರಿಸತೊಡಗಿದವು. ಆಗಿನ 20 ಮುಖದ ದಾಳದಲ್ಲಿ 0ಯಿಂದ 9ರವರೆಗಿನ ಅಂಕಿಗಳೇ ಎರಡೆರಡು ಸಲ ಇರುತ್ತಿದ್ದವು. ಒಂದು ಸರಣಿಗೆ ಬೇರೆ ಬಣ್ಣದ ಮೇಣದ ಬಳಪ ಉಜ್ಜಿ ಆಟಗಾರರೇ ಗುರುತು ಮಾಡಿಕೊಳ್ಳಬೇಕಾಗಿತ್ತು. 10 ಮುಖದ ದಾಳ ಆ ಐದರ ಕುಟುಂಬಕ್ಕೆ ಸೇರಿದ್ದಲ್ಲ. ಅದು ಆಟದೊಳಗೆ ಬಂದದ್ದು ತಡವಾಗಿ.

ಇಂದು ಏಳು ದಾಳಗಳ ಒಂದು ಕಟ್ಟು ಎಲ್ಲ ಕಡೆ ದೊರೆಯುತ್ತದೆ: ಆ ಐದು, ಅವುಗಳ ಜತೆಗೆ 10 ಮುಖದವು ಎರಡು. ಹೊಸಬನಿಗೆ ಅಷ್ಟು ಸಾಕು. ಅವುಗಳ ಗುಣ ತಿಳಿದಿದ್ದರೆ ಇನ್ನೂ ಒಳ್ಳೆಯದು. ಮೂರು ದಾಳಗಳ ಮೊತ್ತ ಮಧ್ಯಕ್ಕೆ ಒಲಿಯುತ್ತದೆ; ಒಂಟಿ ದಾಳಕ್ಕೆ ಅಂಥ ಒಲವಿಲ್ಲ. 20 ಮುಖದ ದಾಳದಲ್ಲಿ 1 ಬೀಳುವ ಸಂಭವವೂ 20 ಬೀಳುವ ಸಂಭವವೂ ಒಂದೇ, ನೂರಕ್ಕೆ ಐದು. ಐದನೆಯ ಆವೃತ್ತಿಯಲ್ಲಿ ಸನ್ನಿವೇಶ ಅನುಕೂಲವಾಗಿದ್ದರೆ ಎರಡು ಸಲ ಉರುಳಿಸಿ ಹೆಚ್ಚಿನದನ್ನು ಇಟ್ಟುಕೊಳ್ಳಬಹುದು. 10 ಅಥವಾ ಹೆಚ್ಚು ಬೇಕಾದಲ್ಲಿ ನೂರಕ್ಕೆ 55 ಇದ್ದ ಸಂಭವ ಇದರಿಂದ ಸುಮಾರು 80ಕ್ಕೆ ಏರುತ್ತದೆ. ಎದುರಾಳಿಯ ಮೇಲೆ ನೇರವಾಗಿ ನುಗ್ಗುವ ಬದಲು ಉಪಾಯ ಹೂಡಿ ಅನುಕೂಲ ಸಂಪಾದಿಸುವವನಿಗೆ ಆಟ ಕೊಡುವ ಬಹುಮಾನವಿದು. ಇದನ್ನು ಅರಿಯದೆ ದಾಳವನ್ನು ಬೈಯುವವರನ್ನು ಕಂಡರೆ ಕುಣಿಯಲಾರದವಳಿಗೆ ನೆಲ ಡೊಂಕು ಎಂಬ ಗಾದೆ ನೆನಪಾಗುತ್ತದೆ.

ಪುಸ್ತಕಗಳ ವಿಚಾರದಲ್ಲಿ ಹೊಸಬ ಅವಸರ ಮಾಡಬೇಕಾಗಿಲ್ಲ. ಮೊದಲ ಸಂಸ್ಥೆಯನ್ನು 1997ರಲ್ಲಿ ಇನ್ನೊಂದು ಆಟದ ಸಂಸ್ಥೆ ಕೊಂಡಿತು. ಅದನ್ನು 1999ರಲ್ಲಿ ಹ್ಯಾಸ್‌ಬ್ರೋ ಎಂಬ ಆಟಿಕೆ ಕಂಪನಿ ಕೊಂಡಿತು. 2000ದಲ್ಲಿ ಮೂರನೆಯ ಆವೃತ್ತಿಯ ಜತೆಗೆ, ಮೂಲ ನಿಯಮಗಳನ್ನು ಬಳಸಿ ಯಾರು ಬೇಕಾದರೂ ಪುಸ್ತಕ ಪ್ರಕಟಿಸಬಹುದೆಂಬ ಮುಕ್ತ ಪರವಾನಗಿ ಹೊರಟಿತು. ನೂರಾರು ಸಣ್ಣ ಪ್ರಕಾಶಕರು ಅದರ ಆಸರೆಯಲ್ಲಿ ಬೆಳೆದರು. 2023ರ ಜನವರಿಯಲ್ಲಿ ಆ ಪರವಾನಗಿಯನ್ನು ಬಿಗಿಗೊಳಿಸುವ ಕರಡು ಬಯಲಾದಾಗ ಆಟಗಾರರು ಭಾರಿ ಪ್ರತಿಭಟನೆ ನಡೆಸಿದರು. ಕೆಲವೇ ವಾರಗಳಲ್ಲಿ ಕಂಪನಿ ಹಿಂದೆ ಸರಿದು, ಐದನೆಯ ಆವೃತ್ತಿಯ ಮೂಲ ನಿಯಮಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿತು. ಅವು ಈಗ ಎಲ್ಲರಿಗೂ ಉಚಿತ. ಆಟಕ್ಕೆ ಕುಳಿತುಕೊಳ್ಳಲು ಹೊಸಬ ಒಂದು ಪುಸ್ತಕವನ್ನೂ ಕೊಳ್ಳಬೇಕಾಗಿಲ್ಲ. ಲೆಕ್ಕವನ್ನೆಲ್ಲ ತಾನೇ ಮಾಡಿಕೊಡುವ ಕಂಪ್ಯೂಟರ್ ಸಾಧನಗಳೂ ಇವೆ, ದೂರದ ಗೆಳೆಯರನ್ನು ಒಂದೇ ಪರದೆಯ ಸುತ್ತ ಕೂಡಿಸುವ ವ್ಯವಸ್ಥೆಗಳೂ ಇವೆ. ಆದರೂ ಮೊದಲ ಪಾತ್ರದ ಹಾಳೆಯನ್ನು ಪೆನ್ಸಿಲ್ಲಿನಲ್ಲಿ ತಾನೇ ತುಂಬಿದವನಿಗೆ ಯಾವ ಅಂಕಿ ಎಲ್ಲಿಂದ ಬಂತೆಂದು ತಿಳಿದಿರುತ್ತದೆ.

ಕನ್ನಡದ ಮನೆಯಿಂದ ಈ ಮೇಜಿಗೆ ಬಂದವನಿಗೆ ಒಂದು ಪರಿಚಿತ ಮುಖ ಎದುರಾಗಬಹುದು. 1977ರಲ್ಲಿ ಅಚ್ಚಾದ ‘ಮಾನ್‌ಸ್ಟರ್ ಮ್ಯಾನುಯಲ್’ ಎಂಬ ಪ್ರಾಣಿಕೋಶದಲ್ಲಿ ರಾಕ್ಷಸನಿದ್ದಾನೆ. ಹೆಸರೂ ರಾಕ್ಷಸ ಎಂದೇ. ಆದರೆ ಚಿತ್ರದಲ್ಲಿರುವುದು ಹುಲಿಯ ತಲೆಯ, ಸಾಹೇಬರ ಉಡುಪು ತೊಟ್ಟು ಪೈಪು ಸೇದುವ ಒಬ್ಬ ಠೀವಿಯ ಆಸಾಮಿ. ನಂತರದ ಆವೃತ್ತಿಗಳಲ್ಲಿ ಅವನ ಅಂಗೈಗಳು ಹಿಂದುಮುಂದಾಗಿವೆ. ಯಕ್ಷಗಾನದ ಬಣ್ಣದ ವೇಷವನ್ನು ಕಂಡವರಿಗೆ ಇವನು ಯಾರೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕು. 1980ರಲ್ಲಿ ಬಂದ ದೇವತೆಗಳ ಪುಸ್ತಕವೊಂದರಲ್ಲಿ ಇಂದ್ರಾದಿಗಳಿಗೂ ಅಂಕಿಗಳನ್ನು ಹಚ್ಚಲಾಗಿತ್ತು. ಈ ಆಟ ಹೀಗೆ ಎಲ್ಲ ಕಡೆಯಿಂದ ಹೆಕ್ಕಿ ತಂದದ್ದು. ಮೊದಲ ಪುಸ್ತಿಕೆಗಳಲ್ಲಿ ಟೋಲ್ಕಿನ್‌ರ ‘ಹಾಬಿಟ್’ ಎಂಬ ಹೆಸರೇ ಇತ್ತು. ಹಕ್ಕಿನ ಪ್ರಶ್ನೆ ಎದ್ದಾಗ ಅದು ‘ಹಾಫ್‌ಲಿಂಗ್’ ಆಯಿತು. ಮಂತ್ರ ಒಮ್ಮೆ ಪ್ರಯೋಗಿಸಿದರೆ ಮಾಂತ್ರಿಕನ ನೆನಪಿನಿಂದಲೇ ಅಳಿಸಿಹೋಗುತ್ತದೆಂಬ ಹಳೆಯ ನಿಯಮ ಜ್ಯಾಕ್ ವ್ಯಾನ್ಸ್‌ರ ಕತೆಗಳಿಂದ ಬಂದದ್ದು. ಹೀಗಿರುವಾಗ ಹೊಸಬ ತನ್ನ ಅಜ್ಜಿಯ ಕತೆಗಳನ್ನು ಮೇಜಿಗೆ ತಂದರೆ ತಪ್ಪೇನಿಲ್ಲ. ಪುಸ್ತಕದ ರಾಕ್ಷಸನಿಗಿಂತ ಅವನು ಬಲ್ಲ ರಾಕ್ಷಸ ಹೆಚ್ಚು ಜೀವಂತನಾಗಿದ್ದಾನು.

ನಮ್ಮ ತಾಳಮದ್ದಳೆಯನ್ನು ಕೇಳಿದವರಿಗೆ ಆಟದ ಇನ್ನೊಂದು ಮಗ್ಗುಲು ಬೇಗ ಅರ್ಥವಾಗುತ್ತದೆ. ಎರಡಕ್ಕೂ ಸಂಬಂಧವೇನಿಲ್ಲ. ಆದರೆ ವೇಷವಿಲ್ಲದೆ ಕುಳಿತು, ಮೊದಲೇ ಬರೆದಿಡದ ಮಾತಿನಿಂದ ಪಾತ್ರವನ್ನು ಕಟ್ಟುವ ಕೆಲಸ ಎರಡರಲ್ಲೂ ಇದೆ. ವ್ಯತ್ಯಾಸವೂ ಅಷ್ಟೇ ಸ್ಪಷ್ಟ. ತಾಳಮದ್ದಳೆಯಲ್ಲಿ ಅರ್ಥಧಾರಿ ಎಷ್ಟೇ ವಾದಿಸಿದರೂ ಪ್ರಸಂಗದ ಕೊನೆ ಬದಲಾಗದು, ಕರ್ಣ ಸಾಯಲೇಬೇಕು. ಈ ಆಟದಲ್ಲಿ ಕೊನೆ ಯಾರಿಗೂ ಗೊತ್ತಿಲ್ಲ, ಸೂತ್ರಧಾರನಿಗೂ ಗೊತ್ತಿಲ್ಲ.

ಅದರಿಂದಲೇ ಪಾತ್ರಕ್ಕೆ ಸಾವಿನ ಭಯ ನಿಜವಾದದ್ದು. ಹಳೆಯ ಆವೃತ್ತಿಗಳಲ್ಲಿ ಎಳೆಯ ಮಾಂತ್ರಿಕನ ಪ್ರಾಣವೆಂದರೆ ನಾಲ್ಕು ಮುಖದ ದಾಳ ಒಮ್ಮೆ ಕೊಟ್ಟಷ್ಟು. ಒಂದು ಬಾಣ ಸಾಕಾಗುತ್ತಿತ್ತು. ಐದನೆಯ ಆವೃತ್ತಿ ಕರುಣಾಳು. ಪ್ರಾಣಾಂಕ ಸೊನ್ನೆಗೆ ಇಳಿದವನು ಸರದಿಗೊಮ್ಮೆ ದಾಳ ಉರುಳಿಸುತ್ತಾನೆ. 10 ಅಥವಾ ಹೆಚ್ಚು ಬಿದ್ದರೆ ಒಂದು ಜಯ, ಕಡಿಮೆ ಬಿದ್ದರೆ ಒಂದು ಸೋಲು. ಮೂರು ಸೋಲಿಗೆ ಮೊದಲು ಮೂರು ಜಯ ಬಂದರೆ ಉಳಿದ. ಈ ನಡುವೆ ಗೆಳೆಯರು ಧಾವಿಸಿ ಬಂದು ಉಳಿಸಬಹುದು. ಒಬ್ಬಂಟಿ ವೀರನ ಪಾತ್ರ ಏಕೆ ಬೇಡವೆಂಬುದಕ್ಕೆ ಈ ನಿಯಮಕ್ಕಿಂತ ದೊಡ್ಡ ವಿವರಣೆ ಬೇಕಿಲ್ಲ.

ಕಾಲ್ಪನಿಕ ಸಾವಿನ ಮಾತಾಡುವಾಗ ನಿಜವಾದ ಒಂದು ದುಃಖವನ್ನೂ ಹೇಳಬೇಕು. 1979ರ ಆಗಸ್ಟ್‌ನಲ್ಲಿ ಮಿಷಿಗನ್ ರಾಜ್ಯದ ವಿಶ್ವವಿದ್ಯಾನಿಲಯವೊಂದರಿಂದ 16 ವರ್ಷದ ಅತಿ ಪ್ರತಿಭಾವಂತ ವಿದ್ಯಾರ್ಥಿಯೊಬ್ಬ ಕಾಣೆಯಾದ. ಅವನು ಈ ಆಟವನ್ನು ಬಲ್ಲವನಾಗಿದ್ದ. ಆಟದ ಭ್ರಮೆಯಲ್ಲಿ ಅವನು ವಿಶ್ವವಿದ್ಯಾನಿಲಯದ ನೆಲದಡಿಯ ಸುರಂಗಗಳಲ್ಲಿ ದಾರಿ ತಪ್ಪಿರಬಹುದೆಂದು ಕುಟುಂಬ ನೇಮಿಸಿದ ಪತ್ತೇದಾರ ಊಹಿಸಿದ. ಪತ್ರಿಕೆಗಳು ಊಹೆಯನ್ನು ದೇಶಕ್ಕೆಲ್ಲ ಸಾರಿದವು. ಹುಡುಗ ಸುಮಾರು ಒಂದು ತಿಂಗಳ ನಂತರ ದೂರದ ಲೂಯಿಸಿಯಾನದಲ್ಲಿ ಜೀವಂತ ಸಿಕ್ಕಿದ. ಆದರೆ ಮರುವರ್ಷ ಅವನು ತನ್ನ ಬಾಳನ್ನು ಕೊನೆಗೊಳಿಸಿಕೊಂಡ. ಅವನನ್ನು ಕಾಡಿದ್ದು ಖಿನ್ನತೆ, ಓದಿನ ಒತ್ತಡ ಮತ್ತು ಒಂಟಿತನ, ಆಟವಲ್ಲ ಎಂಬುದನ್ನು ಅದೇ ಪತ್ತೇದಾರ 1984ರಲ್ಲಿ ಬರೆದ ಪುಸ್ತಕದಿಂದ ತಿಳಿಯಬಹುದು. ಅಷ್ಟರಲ್ಲಿ ತಡವಾಗಿತ್ತು. ಈ ಘಟನೆಯ ನೆರಳಿನಲ್ಲಿ ಕಾದಂಬರಿ ಬಂತು, 1982ರಲ್ಲಿ ಟಾಮ್ ಹ್ಯಾಂಕ್ಸ್ ನಟಿಸಿದ ಟಿ.ವಿ. ಚಿತ್ರ ಬಂತು, ಆಟದ ವಿರುದ್ಧ ಸಂಘಟನೆಯೊಂದೂ 1983ರಲ್ಲಿ ಹುಟ್ಟಿತು. ಮಕ್ಕಳು ಪಾತ್ರದೊಳಗೆ ಕಳೆದುಹೋಗುತ್ತಾರೆ ಎಂಬ ಭೀತಿ 1980ರ ದಶಕವನ್ನೆಲ್ಲ ಆವರಿಸಿತು.

ಹದಿನಾರರ ಹುಡುಗನೊಬ್ಬ ತನಗಿಂತ ಹಿರಿಯರ ನಡುವೆ ಒಂಟಿಯಾಗಿದ್ದಾನೆಂದು ಕಾಣುವುದಕ್ಕಿಂತ, ದಾಳಗಳ ಪೆಟ್ಟಿಗೆಯೊಂದನ್ನು ದೂರುವುದು ಸುಲಭವಾಗಿತ್ತು. ವಾರಕ್ಕೊಮ್ಮೆ ನಾಲ್ಕು ಜನ ತನಗಾಗಿ ಕಾಯುತ್ತಾರೆ ಎನ್ನುವ ಒಂದು ಮೇಜು ಅಂಥವನಿಗೆ ಅಪಾಯವಾಗಿರಲಿಲ್ಲ. ಅಂಥ ಮೇಜುಗಳು ಸಾಕಷ್ಟು ಇರಲಿಲ್ಲ ಎನ್ನಬೇಕು.

ಆ ಕಾಲದ ಭೀತಿ ತಪ್ಪಾಗಿದ್ದರೂ, ಮೇಜಿನ ಸುತ್ತ ಕುಳಿತವರು ನಿಜವಾದ ಮನುಷ್ಯರೆಂಬ ಎಚ್ಚರ ಒಳ್ಳೆಯದು. ಇಂದು ಅನೇಕ ಕಡೆ ಆಟಕ್ಕೆ ಮುಂಚೆ ಒಂದು ದಿನ ಬರೀ ಮಾತಿಗಾಗಿಯೇ ಸೇರುತ್ತಾರೆ. ಕತೆ ಎಂಥದ್ದಿರಬೇಕು, ಯಾವ ವಿಷಯ ಬೇಡ ಎಂದು ಅಂದೇ ಒಪ್ಪಿಕೊಳ್ಳುತ್ತಾರೆ. ಜಾನ್ ಸ್ಟಾವ್ರೋಪೌಲಸ್ ಎಂಬುವರು ರೂಪಿಸಿದ ಒಂದು ಸರಳ ಉಪಾಯವೂ ಬಳಕೆಯಲ್ಲಿದೆ. ಕತ್ತರಿ ಗುರುತಿನ ಒಂದು ಚೀಟಿ ಮೇಜಿನ ಮಧ್ಯೆ ಇರುತ್ತದೆ. ಯಾರಾದರೂ ಅದನ್ನು ಮುಟ್ಟಿದರೆ ಆ ಸನ್ನಿವೇಶವನ್ನು ಅಲ್ಲಿಗೇ ಬಿಟ್ಟು ಮುಂದೆ ಹೋಗಬೇಕು, ಕಾರಣ ಕೇಳಬಾರದು. ಹೊಸಬನ ಸಾಮಾನಿನ ಪಟ್ಟಿಗೆ ಈ ಚೀಟಿಯನ್ನೂ ಸೇರಿಸಬಹುದು. ಅದಕ್ಕೆ ದುಡ್ಡು ಬೇಕಿಲ್ಲ.

ಈ ಆಟವನ್ನು ಸೃಷ್ಟಿಸಿದ ಇಬ್ಬರ ನಡುವೆಯೇ ಕೊನೆಗೆ ವಿರಸ ಬಂದದ್ದು ವಿಷಾದದ ಸಂಗತಿ. ಗೌರವಧನ ಮತ್ತು ಹೆಸರಿನ ವಿಚಾರವಾಗಿ ಆರ್ನೆಸನ್ 1979ರಲ್ಲಿ ನ್ಯಾಯಾಲಯಕ್ಕೆ ಹೋದ, 1981ರಲ್ಲಿ ರಾಜಿಯಾಯಿತು. ಗೈಗ್ಯಾಕ್ಸ್ 2008ರ ಮಾರ್ಚ್‌ನಲ್ಲಿ, ಆರ್ನೆಸನ್ 2009ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಯಾರ ಪಾಲು ಎಷ್ಟೆಂದು ಅಭಿಮಾನಿಗಳು ಇಂದಿಗೂ ವಾದಿಸುತ್ತಾರೆ. ಒಬ್ಬನಿಗೆ ಕತ್ತಲೆಯ ನೆಲಮಾಳಿಗೆಗಳು ಕಂಡವು. ಇನ್ನೊಬ್ಬ ಅವನ್ನು ಅಪರಿಚಿತರೂ ಆಡಬಹುದಾದ ನಿಯಮಗಳನ್ನಾಗಿ ಬರೆದ. ಒಬ್ಬನೇ ಇದ್ದಿದ್ದರೆ ಅದು ಒಂದು ಊರಿನ ಗೆಳೆಯರ ಸಂಜೆಯಾಗಿ ಮುಗಿಯುತ್ತಿತ್ತು. ಇನ್ನೊಬ್ಬನೇ ಇದ್ದಿದ್ದರೆ ಮತ್ತೊಂದು ಯುದ್ಧದಾಟವಾಗಿ ಉಳಿಯುತ್ತಿತ್ತು.

ಹೊಸ್ತಿಲಲ್ಲಿ ನಿಂತ ಹೊಸಬನಿಗೆ ಹೇಳಬೇಕಾದದ್ದೂ ಇದನ್ನೇ. ಏಳು ದಾಳ, ಒಂದು ಹಾಳೆ, ಒಂದು ಪೆನ್ಸಿಲ್ಲು ಇದ್ದರೆ ಸಾಮಾನು ಮುಗಿಯಿತು. ಪಾತ್ರ ಯೋಧನಾದರೂ ಸರಿ, ಕಳ್ಳನಾದರೂ ಸರಿ, ಅದಕ್ಕೊಂದು ಆಸೆ, ಒಂದು ಹೆದರಿಕೆ, ಜತೆಗಾರರೊಡನೆ ಹೊರಡಲು ಒಂದು ಕಾರಣ ಇರಲಿ. ನಿಯಮಗಳನ್ನು ಪಕ್ಕದಲ್ಲಿರುವವರು ಹೇಳಿಕೊಡುತ್ತಾರೆ. ತಪ್ಪಾದರೆ ಯಾರೂ ನಗುವುದಿಲ್ಲ, ನಕ್ಕರೂ ಅದು ಜತೆಯ ನಗು. ಇತರರ ಸರದಿ ನಡೆಯುವಾಗ ಅವರ ಮಾತನ್ನು ಕೇಳಬೇಕು. ಅವನು ಅಭ್ಯಾಸ ಮಾಡಬೇಕಾದ ವಿದ್ಯೆ ಇದೊಂದೇ. ಮಳೆ ಇನ್ನೂ ಬಿಟ್ಟಿಲ್ಲ, ಕಬ್ಬಿಣದ ಬಾಗಿಲು ಇನ್ನೂ ಮುಚ್ಚಿಯೇ ಇದೆ, ಆಚೆಯ ದನಿ ಏಕೆ ನಿಂತಿತೆಂದು ಯಾರಿಗೂ ತಿಳಿದಿಲ್ಲ. ಅವನು ಬಂದು ಕುಳಿತರೆ, ಬಾಗಿಲಿಗೆ ಕೊಡಲು ಇನ್ನೊಂದು ಭುಜ ಸಿಕ್ಕಿದಂತಾಯಿತು.